ಪಾದ ಅಳೆದು ಓಟದ ಶೂ ಕೊಡುವ ಕಾಸರಗೋಡಿನ ಅಂಗಡಿ

ಕಾಸರಗೋಡಿನ ಹೊಸ ಬಸ್ ನಿಲ್ದಾಣದ ಆಸುಪಾಸಿನ ಈ ಪಾದರಕ್ಷೆ ಅಂಗಡಿಯಲ್ಲಿ ಓಟದ ಶೂ ಕೇಳಿದವರನ್ನು ಅಳತೆಯ ಹಲಗೆಯ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಉದ್ದ ಮತ್ತು ಅಗಲವನ್ನು ಗುರುತು ಮಾಡಿಕೊಂಡ ಮೇಲೆಯೇ ಪೆಟ್ಟಿಗೆ ತೆರೆಯುತ್ತಾರೆ. ಮೈಭಾರ ಬಿದ್ದಾಗ ಪಾದ ಹರಡಿಕೊಳ್ಳುವುದರಿಂದ ಕುಳಿತು ಕೊಟ್ಟ ಅಳತೆ ಓಟಕ್ಕೆ ಸಾಲದು. ಎರಡು ಪಾದಗಳಲ್ಲಿ ಹೆಚ್ಚುಕಡಿಮೆಯಿದ್ದರೆ ದೊಡ್ಡದಕ್ಕೆ ಹೊಂದುವುದನ್ನೇ ಆರಿಸಬೇಕು.

ಅತಿ ಉದ್ದದ ಬೆರಳಿನ ತುದಿಗೂ ಶೂವಿನ ಮೂತಿಗೂ ನಡುವೆ ಹೆಬ್ಬೆಟ್ಟಿನ ಅಗಲದಷ್ಟು ಜಾಗ ಉಳಿದಿದೆಯೇ ಎಂದು ಮಾರಾಟದ ಹುಡುಗ ಒತ್ತಿ ನೋಡಿದ ಮೇಲೆ, "ಅಕ್ಕ, ಹೊರಗೆ ಜಗಲಿಯಲ್ಲಿ ಎರಡು ಸುತ್ತು ಓಡಿ ಬನ್ನಿ, ಹಿಮ್ಮಡಿ ಜಾರುತ್ತದೆಯೋ ನೋಡುವ" ಎಂದರು. ತುಸು ಜಾರುತ್ತಿತ್ತು. ಅವರು ಸಣ್ಣ ಅಳತೆಯ ಶೂ ತರದೆ, ಲೇಸನ್ನು ಮೇಲ್ತುದಿಯ ಎರಡು ತೂತುಗಳಲ್ಲಿ ಕುಣಿಕೆಯಂತೆ ತಿರುಗಿಸಿ, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಬಿಗಿದರು. ಹಿಮ್ಮಡಿ ನಿಂತಿತು, ಬೆರಳುಗಳೂ ಇಕ್ಕಟ್ಟಾಗಲಿಲ್ಲ.

ಓಡುವ ಜಾಗದ ಬಗ್ಗೆ ಅವರು ವಿಚಾರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ವಿದ್ಯಾನಗರದ ಕ್ರೀಡಾಂಗಣದಲ್ಲಿ ಮಾತ್ರ ಓಡುವವರಿಗೂ, ಮುರಕಲ್ಲಿನ ಹುಡಿ ಹರಡಿದ ಒಳದಾರಿಗಳಲ್ಲಿ ಓಡುವವರಿಗೂ ಬೇಕಾದ ಅಟ್ಟೆ ಒಂದೇ ಅಲ್ಲ. ಜೂನ್ ತಿಂಗಳ ನಂತರವಂತೂ ಪಾಚಿ ಹಿಡಿದ ಸಿಮೆಂಟಿನ ಮೇಲೆ ನುಣುಪಾದ ಅಟ್ಟೆಯ ಶೂ ಅಪಾಯಕಾರಿ. ಮಳೆಗಾಲಕ್ಕೆಂದು ನೀರು ಒಳಸೇರದ ಪದರವಿರುವ ದುಬಾರಿ ಜೋಡಿಯನ್ನು ನಾನು ಕೇಳಿದಾಗ, ನಮ್ಮ ಊರಿನ ಮಳೆಯಲ್ಲಿ ನೀರು ಕಾಲುಚೀಲದ ಮೂಲಕ ಮೇಲಿನಿಂದಲೇ ಇಳಿಯುತ್ತದೆ, ಇಳಿದ ನೀರು ಆ ಪದರದೊಳಗೇ ಉಳಿಯುತ್ತದೆ ಎಂದು ವಿವರಿಸಿ, ಕಡಿಮೆ ಬೆಲೆಯ ಜಾಲರಿ ಬಟ್ಟೆಯ ಶೂವನ್ನೇ ಕೊಟ್ಟರು. ಓಡಿ ಬಂದ ಮೇಲೆ ಒಳ ಅಟ್ಟೆ ತೆಗೆದು, ಹಳೆಯ ಪತ್ರಿಕೆ ತುರುಕಿ, ಫ್ಯಾನಿನ ಕೆಳಗಿಟ್ಟರೆ ಅದು ಬೇಗ ಒಣಗುತ್ತದೆ. ಹೆಚ್ಚು ಬೆಲೆಯದನ್ನು ಮಾರುವ ಅವಕಾಶವನ್ನು ಬಿಟ್ಟುಕೊಟ್ಟ ಈ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ.

ಒಪ್ಪಲಾಗದ ಸಂಗತಿಯೂ ಒಂದಿದೆ. ಅಂಗಾಲಿನ ಕಮಾನು ನೋಡಿ ಶೂ ಆರಿಸುವ ಚಿತ್ರಪಟವೊಂದನ್ನು ಗೋಡೆಗೆ ತೂಗುಹಾಕಿ, ಅದನ್ನೇ ಪ್ರಮಾಣವೆಂದು ಹೇಳುತ್ತಾರೆ. ಅಮೆರಿಕದ ಸೇನಾಪಡೆಗಳಲ್ಲಿ ತರಬೇತಿಗೆ ಸೇರಿದವರಿಗೆ ಕಮಾನಿನ ಆಕಾರಕ್ಕೆ ತಕ್ಕಂತೆ ಶೂ ಹಂಚಿ ನಡೆಸಿದ ಅಧ್ಯಯನಗಳಲ್ಲಿ ಗಾಯಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಓಡುವಾಗ ಎಲ್ಲಿಯೂ ಒತ್ತದೆ, ಉಜ್ಜದೆ ಹಿತವೆನಿಸುವ ಶೂವನ್ನೇ ಆರಿಸುವುದು ಹೆಚ್ಚು ವಿವೇಕದ ದಾರಿ ಎಂಬುದು ನನ್ನ ಅಭಿಪ್ರಾಯ.

ದಾಸ್ತಾನಿನಲ್ಲಿ ಹೆಂಗಸರಿಗೆ ಅನ್ಯಾಯವಾಗಿದೆ. ಗಂಡಸರಿಗೆ ಸಾಧಾರಣ ಅಗಲವಾದ 'ಡಿ'ಯ ಜೊತೆಗೆ ಅಗಲ ಪಾದದ '2ಇ' ಕೂಡ ಸಿಗುತ್ತದೆ. ಹೆಂಗಸರಿಗೆ ಅವರ ಸಾಧಾರಣ ಅಗಲವಾದ 'ಬಿ' ಒಂದೇ. ಅಗಲ ಪಾದದವರಿಗೆ ಬೇಕಾದ 'ಡಿ'ಯನ್ನು ಹೇಳಿ ತರಿಸಬೇಕು. ರಿಯಾಯಿತಿಯ ಕಪಾಟಿನಲ್ಲಿರುವ ಜೋಡಿಗಳನ್ನು ಕೊಳ್ಳುವ ಮುನ್ನ ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು, ವರ್ಷವನ್ನು ಓದಿಕೊಳ್ಳಿ, ಏಕೆಂದರೆ ಕರಾವಳಿಯ ತೇವದಲ್ಲಿ ಬಹುಕಾಲ ಕುಳಿತ ಶೂವಿನ ಅಂಟು ಸಡಿಲವಾಗುತ್ತದೆ. ದಿನವಿಡೀ ನಡೆದಾಡಿದ ಪಾದ ಸ್ವಲ್ಪ ಊದಿಕೊಂಡಿರುವುದರಿಂದ ಸಂಜೆಯ ಹೊತ್ತಿಗೆ, ಓಡುವಾಗ ಹಾಕುವ ಕಾಲುಚೀಲವನ್ನೇ ತೊಟ್ಟು ಹೋಗುವುದು ಒಳ್ಳೆಯದು. ಜನಸಂದಣಿಯಿದ್ದರೂ ಅಳತೆ ತೆಗೆಯುವುದನ್ನು ಅವರು ತಪ್ಪಿಸುವುದಿಲ್ಲ.