ಯಕ್ಷಗಾನದ ರೆಕಾರ್ಡಿಂಗ್ ಉಳಿಸೋಕೆ ಹಾರ್ಡ್ ಡಿಸ್ಕಾ, ಎಸ್‌ಎಸ್‌ಡಿಯಾ, ಕ್ಲೌಡಾ?

ಉಡುಪಿ ಕಡೆ ಎಷ್ಟೋ ಮನೆಗಳಲ್ಲಿ ಹಳೇ ಯಕ್ಷಗಾನದ ಕ್ಯಾಸೆಟ್‌ಗಳಿವೆ. ಮಳೆಗಾಲದ ತೇವಕ್ಕೆ ಟೇಪಿನ ಅಂಚಿಗೆ ಬೆಳ್ಳಗೆ ಬೂಸ್ಟು ಹಿಡಿಯುತ್ತದೆ. ಕಂಪ್ಯೂಟರಿಗೆ ಹಾಕಿಕೊಂಡಿರಾ? ಇನ್ನು ಎಲ್ಲಿ ಇಡುವುದು ಅನ್ನುವುದೇ ಪ್ರಶ್ನೆ.

ಸಿಡಿ ಗುಣಮಟ್ಟದ ವೇವ್ ಫೈಲ್ (ಕುಗ್ಗಿಸದ ದನಿ) ಗಂಟೆಗೆ ಸುಮಾರು 635 ಎಂಬಿ. ಇಡೀ ರಾತ್ರಿಯ 8 ಗಂಟೆಯ ಆಟಕ್ಕೆ 5 ಜಿಬಿ. ಏನೂ ಕಳೆಯದೆ ಕುಗ್ಗಿಸುವ ಫ್ಲಾಕ್ ಫೈಲ್ ಮಾಡಿದರೆ ಹೆಚ್ಚುಕಡಿಮೆ ಅರ್ಧ ಜಾಗ ಸಾಕು, ಚೆಂಡೆಯ ದನಿ ಒಂಚೂರೂ ಕೆಡುವುದಿಲ್ಲ. ಎಂಪಿ3 ಇನ್ನೂ ಚಿಕ್ಕದು, ಆದರೆ ಕುಗ್ಗಿಸುವಾಗ ಕಳೆದ ದನಿ ವಾಪಸ್ ಬರುವುದಿಲ್ಲ. ಮೂಲ ಪ್ರತಿಗೆ ಅದು ಬೇಡ.

ಜಾಗದ ಲೆಕ್ಕದಲ್ಲಿ ಹಾರ್ಡ್ ಡಿಸ್ಕ್ ಅಗ್ಗ. ಒಳಗೆ ತಟ್ಟೆ ತಿರುಗುತ್ತದೆ, ಅದು ತಿರುಗುತ್ತಿರುವಾಗ ಕೈತಪ್ಪಿ ಬಿದ್ದರೆ ಕೆಡುವ ಭಯ ಜಾಸ್ತಿ. ಎಸ್‌ಎಸ್‌ಡಿಯಲ್ಲಿ ತಟ್ಟೆಯಿಲ್ಲ, ಚಿಪ್ಪಿನಲ್ಲಿ ಉಳಿಸುತ್ತದೆ; ವೇಗವಾಗಿದೆ, ಪೆಟ್ಟು ತಡೆಯುತ್ತದೆ. ಆದರೆ ಕರೆಂಟ್ ಕೊಡದೆ ವರ್ಷಗಟ್ಟಲೆ ಕಪಾಟಿನಲ್ಲಿಟ್ಟರೆ ಡೇಟಾ ಅಳಿಯಬಹುದು. ದಿನಾ ಕೇಳೋಕೆ ಎಸ್‌ಎಸ್‌ಡಿ, ಕಾಪಿಡೋಕೆ ಹಾರ್ಡ್ ಡಿಸ್ಕ್ ಅನ್ನುತ್ತೇನೆ.

ಎರಡು ಡಿಸ್ಕಿನ ಎನ್‌ಎಎಸ್ ಪೆಟ್ಟಿಗೆಯನ್ನೇ (ಮನೆಯ ನೆಟ್‌ವರ್ಕಿಗೆ ಜೋಡಿಸುವ ಡಿಸ್ಕ್ ಪೆಟ್ಟಿಗೆ) ಬ್ಯಾಕಪ್ ಅಂದುಕೊಳ್ಳುವವರು ತುಂಬಾ ಜನ. ಎರಡೂ ಡಿಸ್ಕಿಗೆ ಒಂದೇ ಡೇಟಾ ಬರೆಯುವ ರೇಡ್ 1ರಲ್ಲಿ ಒಂದು ಡಿಸ್ಕ್ ಕೆಟ್ಟರೆ ಇನ್ನೊಂದು ನಡೆಸುತ್ತದೆ, ನಿಜ. ತಪ್ಪಿ ಅಳಿಸಿದರೆ ಮಾತ್ರ ಎರಡರಿಂದಲೂ ಹೋಯಿತು. ನಮ್ಮೂರಿನ ಸಿಡಿಲು ಲೈನಿಗೆ ಬಡಿದರೂ ಅಷ್ಟೇ, ಎರಡೂ ಒಂದೇ ಪ್ಲಗ್ಗಿನಲ್ಲಿವೆ ಅಲ್ವಾ?

ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರಿನಲ್ಲಿಡುವುದು; ಮನೆಯಾಚೆ ಇರುವುದೇ ಅದರ ಬಲ. ಆದರೆ ಹಣ ಕಟ್ಟುತ್ತಲೇ ಇರಬೇಕು.

ಬಜೆಟ್ ಕಡಿಮೆಯಿದ್ದರೆ ಎರಡು ಹಾರ್ಡ್ ಡಿಸ್ಕ್ ತಗೊಳ್ಳಿ. ಒಂದನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜತೆ ಮಂಗಳೂರಿನ ನೆಂಟರ ಮನೆಯಲ್ಲಿಡಿ. ಹೋದಾಗೆಲ್ಲ ಕೆಲವು ಫೈಲ್ ತೆರೆದು ಕೇಳಿ ನೋಡಿ.