ತಾತನ ಕಿವಿ ತೋರಿಸಲು ಹೋಗಿ ನನಗೆ ಕೋರ್ಸ್ ಸಿಕ್ಕಿತು

ಹಾಸನದ ಬಿ.ಎಂ. ರಸ್ತೆಯ ಒಂದು ಕಿವಿ ಪರೀಕ್ಷೆ ಕ್ಲಿನಿಕ್‌ಗೆ ತಾತನನ್ನು ಕರೆದುಕೊಂಡು ಹೋಗಿದ್ದೆ. ನಾನು ದ್ವಿತೀಯ ಪಿಯುಸಿ, ಸೈನ್ಸ್. ಮುಂದೇನು ಅಂತ ಗೊತ್ತಿರಲಿಲ್ಲ.

ಸದ್ದು ಬಾರದ ಪುಟ್ಟ ಕೋಣೆ. ಆಡಿಯಾಲಜಿಸ್ಟ್ (ಕಿವಿ ಎಷ್ಟು ಕೇಳುತ್ತೆ ಅಂತ ಪರೀಕ್ಷಿಸುವವರು) ಮೇಡಂ ಹೆಡ್‌ಫೋನ್ ಹಾಕಿ, "ಎಷ್ಟೇ ಸಣ್ಣಗೆ ಕೇಳಿಸಿದರೂ ಬಟನ್ ಒತ್ತಿ ತಾತ" ಅಂದರು. ತಾತ ಮೊದಲು ಸುಮ್ನೆ ಒತ್ತುತ್ತಲೇ ಇದ್ದರು! ಮೇಡಂ ನಕ್ಕು ಮತ್ತೆ ಶುರು ಮಾಡಿದರು. ದಪ್ಪ ದನಿಯ 250ರಿಂದ ಕೀರಲು ದನಿಯ 8000 ಹರ್ಟ್ಸ್‌ವರೆಗೆ ಒಂದೊಂದೇ ಸದ್ದು. ಗ್ರಾಫ್‌ನಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು. 2000 ದಾಟುತ್ತಲೇ ಗೆರೆ ಕೆಳಗೆ ಜಾರಿತ್ತು, ಅಂದರೆ ಕೀರಲು ಸದ್ದು ಸರಿಯಾಗಿ ಕೇಳುತ್ತಿಲ್ಲ. "ಅದಕ್ಕೇ ಇವರಿಗೆ ಮಾತು ಕೇಳುತ್ತೆ, ಆದರೆ ಸ, ಶ, ತ ಸ್ಪಷ್ಟ ಆಗಲ್ಲ" ಅಂದರು ಮೇಡಂ. ಮನೆಯಲ್ಲಿ ನಾವು ಇಷ್ಟು ದಿನ ಬೈದದ್ದು ಸುಮ್ನೆ ಅಲ್ವಾ?

ಕೇಳಿದ್ದಕ್ಕೆ ಓದಿನ ವಿಷಯವನ್ನೂ ಹೇಳಿದರು. ಕಿವಿ ಮತ್ತು ಮಾತಿನ ತೊಂದರೆಗಳ ಬಗ್ಗೆ ಕಲಿಸುವ ಬಿಎಎಸ್‌ಎಲ್‌ಪಿ ಪದವಿ 4 ವರ್ಷ, ಕೊನೆಯದು ಇಂಟರ್ನ್‌ಶಿಪ್. ಮೈಸೂರಿನ ಆಯಿಷ್‌ಗೆ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಪ್ರವೇಶ ಪರೀಕ್ಷೆ ಬರೆಯಬೇಕು. "ಫಿಸಿಕ್ಸ್‌ನ ಶಬ್ದದ ಪಾಠ ಬಿಡಬೇಡಮ್ಮ" ಅಂದರು. ನಾನು ಬಿಟ್ಟಿದ್ದೇ ಅದನ್ನು!

ಕಾಯಿಸಿದ್ದು ಒಂದೂವರೆ ಗಂಟೆ, ಕುರ್ಚಿಗಳೂ ಕಡಿಮೆ. ಹಿಯರಿಂಗ್ ಏಡ್ ಬೆಲೆ ಜಾಸ್ತಿ ಅನ್ನಿಸಿತು. ಆದರೂ 4 ಸ್ಟಾರ್. ತಾತ ಮುಂದಿನ ವಾರ ಟ್ರಯಲ್‌ಗೆ ಬರ್ತಾರೆ. ಪೆನ್ನು, ನೋಟ್‌ಬುಕ್ ಹಿಡಿದು ನಾನೂ ಬರುತ್ತೇನೆ.