ಚಿಕ್ಕ ಸಾಲ ಮೊದಲಾ, ಜಾಸ್ತಿ ಬಡ್ಡಿ ಮೊದಲಾ?

ನನ್ನ ಮೇಲೆ ನಾಲ್ಕು ಸಾಲ ಇದ್ದವು. ಕ್ರೆಡಿಟ್ ಕಾರ್ಡಿನ ಬಾಕಿ 40,000, ಬೈಕ್ ಸಾಲ 18,000, ಪರ್ಸನಲ್ ಲೋನ್ 1.6 ಲಕ್ಷ, ಪರಿಚಯದವರಿಂದ ತಂದ ಕೈಸಾಲ 1 ಲಕ್ಷ. ದಾವಣಗೆರೆಯಲ್ಲಿ ನನ್ನದು ಸಣ್ಣ ಬಟ್ಟೆ ಅಂಗಡಿ. ಹಳ್ಳಿಗಳಿಗೆ ಮೆಕ್ಕೆಜೋಳದ ದುಡ್ಡು ಬಂದರೆ ನಮಗೂ ವ್ಯಾಪಾರ. ಆಷಾಢದಲ್ಲಿ ಮದುವೆಯೂ ಇಲ್ಲ, ಗಿರಾಕಿಯೂ ಇಲ್ಲ.

ಯಾವುದನ್ನು ಮೊದಲು ತೀರಿಸಬೇಕು ಅಂತ ನೋಡುವ ಮುಂಚೆ ಎಲ್ಲ ಬಡ್ಡಿಯನ್ನೂ ವರ್ಷದ ಲೆಕ್ಕಕ್ಕೆ ತಂದುಕೊಳ್ಳಿ. ಕೈಸಾಲದ 'ಎರಡು ರೂಪಾಯಿ ಬಡ್ಡಿ' ಕೇಳೋಕೆ ಸಸ್ತಾ. ಆದರೆ ಅದು ನೂರಕ್ಕೆ ತಿಂಗಳಿಗೆ 2, ಅಂದರೆ ವರ್ಷಕ್ಕೆ 24. ಕಾರ್ಡಿನದು ತಿಂಗಳಿಗೆ 3.5, ವರ್ಷಕ್ಕೆ 42. ಪರ್ಸನಲ್ ಲೋನ್ 15, ಬೈಕ್ 12.

ಜಾಸ್ತಿ ಬಡ್ಡಿ ಮೊದಲು ಅನ್ನುವ ದಾರಿಯಲ್ಲಿ ಕಾರ್ಡೇ ಮುಂದೆ ಬರುತ್ತದೆ. ಕೈಯಲ್ಲಿ 10,000 ಉಳಿದಿದೆ ಅನ್ನಿ. ಕಾರ್ಡಿಗೆ ಕಟ್ಟಿದರೆ ತಿಂಗಳಿಗೆ 350 ಬಡ್ಡಿ, ಅದರ ಮೇಲಿನ 18% ಜಿಎಸ್‌ಟಿ 63, ಒಟ್ಟು 413 ಉಳಿಯಿತು. ಅದೇ ದುಡ್ಡು ಬೈಕ್ ಸಾಲಕ್ಕೆ ಹೋದರೆ ಉಳಿಯುವುದು 100. ಇನ್ನೊಂದು ವಿಷಯ: ಕಾರ್ಡಿನಲ್ಲಿ ಬಾಕಿ ಉಳಿದಿರುವಾಗ ಪೆಟ್ರೋಲ್ ಹಾಕಿಸಿದರೂ ಅದಕ್ಕೆ ಅವತ್ತಿನಿಂದಲೇ ಬಡ್ಡಿ. ಬಿಲ್ಲಿನಲ್ಲಿ ತೋರಿಸುವ ಮಿನಿಮಮ್ ಮೊತ್ತವನ್ನಷ್ಟೇ ಕಟ್ಟಿಕೊಂಡು ಹೋದರೆ ಅದು ಸುಲಭಕ್ಕೆ ತೀರುವುದಿಲ್ಲ ಬಿಡಿ. ಕಾರ್ಡಿನ ಮಟ್ಟಿಗೆ ಈ ದಾರಿಗೆ ಎದುರಿಲ್ಲ.

ಎಡವಟ್ಟಾಗಿದ್ದು ಕೈಸಾಲದಲ್ಲಿ. ಲೆಕ್ಕದ ಪ್ರಕಾರ ಮುಂದಿನ ಸರದಿ ಅದರದ್ದು. ಆದರೆ ಅವರು ಅಸಲನ್ನು ಚಿಲ್ಲರೆ ಚಿಲ್ಲರೆಯಾಗಿ ತಗೊಳ್ಳಲ್ಲ. "ಬಡ್ಡಿ ತಿಂಗಳು ತಿಂಗಳು ಕೊಡ್ರಿ, ಅಸಲು ಒಟ್ಟಿಗೇ ಕೊಡ್ರಿ" ಅಂದರು. ಕೂಡಿಡೋಣ ಅಂದರೆ ಅಂಗಡಿಯವರ ಕೈಯಲ್ಲಿ ದುಡ್ಡು ನಿಲ್ಲುತ್ತಾ? ಹೊಸ ಮಾಲು ಬಂತು ಅಂದರೆ ಮುಗೀತು.

ಅಲ್ಲಿಂದ ಚಿಕ್ಕ ಸಾಲದ ದಾರಿಗೆ ಹೊರಳಿದೆ. ಬೈಕ್ ಸಾಲ ಮುಗಿಸಿದೆ. ಬಡ್ಡಿಯ ಲಾಭ ಹೇಳಿಕೊಳ್ಳುವಷ್ಟಿಲ್ಲ. ಆದರೆ ತಿಂಗಳಿಗೆ 3,100 ಕಂತು ನಿಂತಿತು. ಚಿಕ್ಕ ಸಾಲ ತೀರಿದರೆ ಹುಮ್ಮಸ್ಸು ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಬೇಕಾಗಿದ್ದು ಹುಮ್ಮಸ್ಸಲ್ಲ, ಆಷಾಢದಲ್ಲಿ ಕಟ್ಟಬೇಕಾದ ಮೊತ್ತ ಇಳಿಯುವುದು. ಸಂಬಳದವರಿಗೆ ಈ ದಾರಿ ಅಷ್ಟೇನೂ ಬೇಕಿಲ್ಲ, ಅವರು ಬಡ್ಡಿ ನೋಡಿಕೊಂಡೇ ಹೋಗಬಹುದು. ವ್ಯಾಪಾರದವರಿಗೆ ಹಾಗಲ್ಲ.

ಮೂರನೆಯದು ಚಿನ್ನ ಅಡ ಇಡುವುದು. ಮನೆಯವಳ ಸರ ಬ್ಯಾಂಕಿನಲ್ಲಿಟ್ಟು ವರ್ಷಕ್ಕೆ 10ರ ಬಡ್ಡಿಯಲ್ಲಿ 1 ಲಕ್ಷ ತಂದು ಕೈಸಾಲ ಒಂದೇ ಏಟಿಗೆ ತೀರಿಸಿದೆ. ತಿಂಗಳಿಗೆ 2,000 ಹೋಗುತ್ತಿದ್ದ ಕಡೆ ಈಗ ಸುಮಾರು 830. ಇದರ ಅಪಾಯ ಅಂದರೆ ಪ್ರತಿ ತಿಂಗಳು ಕಂತು ಕೇಳುವವರಿಲ್ಲ. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ರಿನ್ಯೂವಲ್ ಮಾಡಿಸುತ್ತಾ ಕೂತರೆ ಅಸಲು ಹಾಗೇ ಇರುತ್ತದೆ, ಕಟ್ಟದಿದ್ದರೆ ಹರಾಜು. ಅದಕ್ಕೇ ಬೈಕಿನ ಆ 3,100 ಈಗ ಚಿನ್ನದ ಸಾಲಕ್ಕೆ ಹೋಗುತ್ತಿದೆ.

ಪರ್ಸನಲ್ ಲೋನನ್ನು ಮಾತ್ರ ಮುಟ್ಟಿಲ್ಲ. ಮುಂಚೆಯೇ ಮುಗಿಸಿದರೆ ಬಾಕಿಯ ಮೇಲೆ 4% ಶುಲ್ಕ ಅಂತ ನನ್ನ ಕರಾರಿನಲ್ಲಿದೆ. 1.6 ಲಕ್ಷಕ್ಕೆ 6,400, ಮೇಲೆ ಜಿಎಸ್‌ಟಿ ಬೇರೆ. ಅದರ ಕಂತು ಅದರ ಪಾಡಿಗೆ ನಡೆಯಲಿ ಅಂತ ಬಿಟ್ಟಿದ್ದೇನೆ.